ಗಲ್ಲಾಪೆಟ್ಟಿಗೆಯ ಕಾಶಿಯಾತ್ರೆ

ಮೈಸೂರಿನ ಸಂತೇಪೇಟೆಯಲ್ಲಿ ನಮ್ಮದೊಂದು ಗ್ರಂಧಿಗೆ ಅಂಗಡಿ. ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ, ದರ್ಭೆ, ಬಾಗಿನದ ಮೊರ, ಹೋಮದ ಸಮಿತ್ತು, ಹೀಗೆ ನಾಮಕರಣದಿಂದ ತಿಥಿಯವರೆಗೆ ಮನುಷ್ಯನಿಗೆ ಬೇಕಾದದ್ದೆಲ್ಲ ನಮ್ಮಲ್ಲಿ ಸಿಗುತ್ತದೆ. ಅಂಗಡಿಯ ಮೇಲೆಯೇ ಮನೆ. ಒಂದು ಮಧ್ಯಾಹ್ನ ಕೊರಿಯರ್ ಹುಡುಗ ಬಂದು ಗಲ್ಲಾದ ಮೇಲೆ ಪೆಟ್ಟಿಗೆಯೊಂದನ್ನಿಟ್ಟು, "ಮೇಲ್ಗಡೆ ಮೇಡಂಗೆ ಕೊಟ್ಬಿಡಿ ಸಾರ್" ಎಂದ. ಒಳಗೇನಿದೆ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿತ್ತು. ಕರ್ಪೂರ.

ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಬಿಲ್ಲೆ ಕರ್ಪೂರ, ಗಟ್ಟಿ ಕರ್ಪೂರ, ಪಚ್ಚ ಕರ್ಪೂರ ಮೂರೂ ಇದ್ದವು. ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿದೆ.

"ಏನೇ ಇದು?"

"ನಿಮ್ಮ ಹತ್ರ ಕೇಳಿದ್ರೆ 'ಗಿರಾಕಿ ಇದಾರೆ, ಆಮೇಲೆ ಬಾ' ಅಂತೀರಿ. ಅವರು ಹಾಗನ್ನಲ್ಲ."

"ಈಗ ಅಂಗಡೀಲಿ ಗಿರಾಕಿ ಎಲ್ಲಿದಾರೆ?"

"ಅದೇ ನಾನೂ ಕೇಳ್ತಿರೋದು" ಎಂದು ನನ್ನವಳು ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. ಒಳ್ಳೆಯ ಕರ್ಪೂರವೇ. ನಾನು ಕೊಳ್ಳುವ ಬೆಲೆಗಿಂತ ಅಗ್ಗ.

ವ್ಯಾಪಾರಕ್ಕೆ ಕಷ್ಟ ಬಂದದ್ದು ಅವತ್ತೇನಲ್ಲ. 2020ರಲ್ಲಿ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 24ರ ರಾತ್ರಿ ಲಾಕ್‌ಡೌನ್ ಘೋಷಣೆ, 25ಕ್ಕೆ ಯುಗಾದಿ. ನಮ್ಮ ಕಸುಬಿನವರು ಯುಗಾದಿಯ ಹಿಂದಿನ ಮೂರು ದಿನ ಊಟಕ್ಕೂ ಮೇಲೆ ಹತ್ತುವುದಿಲ್ಲ. ಆ ಮೂರು ದಿನವನ್ನೇ ಕರೋನಾ ಆರಿಸಿಕೊಂಡಿತ್ತು. ಶಾರ್ವರಿ ಸಂವತ್ಸರದ ಪಂಚಾಂಗದ ಕಟ್ಟುಗಳು ಅಟ್ಟದ ಮೇಲೆ ಉಳಿದವು. ಹಳೆಯ ಅರಿಶಿನವನ್ನು ಹೊಸದರ ಜತೆ ಬೆರೆಸಬಹುದು, ಹಳೆಯ ಪಂಚಾಂಗವನ್ನು ಏನು ಮಾಡುವುದು? ಅಮ್ಮ ಒಂದನ್ನು ಬಿಡಿಸಿಕೊಂಡು ಜಗಲಿಯಲ್ಲಿ ಕೂತು ದಿನವೂ ಗಟ್ಟಿಯಾಗಿ ಓದುತ್ತಿದ್ದಳು. "ಇವತ್ತು ಉತ್ತರ ದಿಕ್ಕಿನ ಪ್ರಯಾಣಕ್ಕೆ ಪ್ರಶಸ್ತವಾಗಿದೆ ಕಣೋ." ಉತ್ತರ ದಿಕ್ಕಿನ ತಿರುವಿನಲ್ಲಿ ಪೊಲೀಸರು ಲಾಠಿ ಹಿಡಿದು ನಿಂತಿದ್ದರು.

ಆಮೇಲೆ ಬಂತು, ಹಣ ಬಿದ್ದೊಡನೆ ಕೂಗುವ ಡಬ್ಬ. ಗಿರಾಕಿ ಫೋನಿನಿಂದ ಕ್ಯೂಆರ್ ಕೋಡಿಗೆ ಹಣ ಹಾಕಿದರೆ ಅದು ಅಚ್ಚಗನ್ನಡದಲ್ಲಿ ಮೊತ್ತವನ್ನು ಸಾರುತ್ತದೆ. ಸಂತೇಪೇಟೆಯ ಗದ್ದಲದಲ್ಲಿ ಕೇಳಲಿ ಎಂದು ಅದರ ಗಂಟಲು ದೊಡ್ಡದು ಮಾಡಿದ್ದಾರೆ, ಹಾಗಾಗಿ ಮೇಲಿನ ಅಡುಗೆಮನೆಗೂ ಕೇಳುತ್ತದೆ. ನೋಟಿನ ಕಾಲದಲ್ಲಿ ಗಂಡಸಿಗೆ ಕೈಖರ್ಚು ಎಂಬುದೊಂದಿತ್ತು. ಈಗ ರಾತ್ರಿ ಊಟಕ್ಕೆ ಕೂತರೆ ಸಾರು ಬಡಿಸುವ ಮೊದಲೇ ಅವಳು ಅವತ್ತಿನ ಒಟ್ಟು ವ್ಯಾಪಾರ ಹೇಳುತ್ತಾಳೆ. ನಾನು ಲೆಕ್ಕ ಬರೆಯುವುದನ್ನು ಬಿಟ್ಟು ಅವಳನ್ನೇ ಕೇಳಿಕೊಳ್ಳುತ್ತೇನೆ.

2025ರ ಜುಲೈನಲ್ಲಿ ನಡೆದದ್ದಂತೂ ಬೇರೆಯೇ. ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಹೋಯಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸಿನವರು ಕ್ಯೂಆರ್ ಹಾಳೆ ಕಿತ್ತು 'ನಗದು ಮಾತ್ರ' ಎಂದು ಬರೆದು ಅಂಟಿಸಿದರು. ಬಂದ್ ಕರೆ ಬಂತು, ಮುಖ್ಯಮಂತ್ರಿ ಸಭೆ ಕರೆದರು. ನಮ್ಮ ಬೀದಿಯ ಬೇಕರಿಯವರೂ ತಲೆ ಮೇಲೆ ಕೈಹೊತ್ತು ಕೂತರು. ನಾನೂ ಆತಂಕದಿಂದ ಅಂಚೆಯವನ ದಾರಿ ಕಾದೆ. ಬರಲಿಲ್ಲ. ವಾರ ಕಳೆದರೂ ಬರಲಿಲ್ಲ.

"ಬೇಕರಿಯವರಿಗೆ ಬಂದಿದೆಯಂತೆ" ಎಂದಳು.

"ಹ್ಞೂಂ."

"ತರಕಾರಿಯವನಿಗೂ ಬಂದಿದೆಯಂತೆ."

"ಹ್ಞೂಂ."

"ನಿಮಗೆ ಒಂದು ನೋಟಿಸೂ ಬರಲಿಲ್ವಲ್ರೀ" ಎಂದು ಅವಳು ನಿಟ್ಟುಸಿರು ಬಿಟ್ಟಾಗ ನನ್ನ ಅಪ್ಪ ಫೋಟೋದೊಳಗಿಂದ ಬೇರೆ ಕಡೆ ನೋಡಿದಂತಾಯಿತು.

ಬೆಂಗಳೂರಿನಲ್ಲಿರುವ ಮಗನ ಪ್ರಕಾರ ನಾನು 'ಪಿವಟ್' ಆಗಬೇಕು. ಅದು ಯಾವ ದೇವರ ಹರಕೆ ಎಂದು ಅಮ್ಮ ಕೇಳಿದಳು. ಅದೇ ಮಾತಿನಲ್ಲಿ ತನ್ನ ಹಳೆಯ ಹರಕೆಯನ್ನೂ ನೆನಪಿಸಿದಳು: ಕಾಶಿ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಮೊದಲ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಾಗಿನಿಂದ, ಸರ್ಕಾರವೇ ಖರ್ಚಿನಲ್ಲಿ ಪಾಲು ಕೊಡುತ್ತಿರುವಾಗ ನಿನಗೇನು ಕಷ್ಟ ಎಂದು ಅವಳ ತಕರಾರು. ನಾನು ಒಪ್ಪಿದೆ, ಆದರೆ ಮನೆಯಲ್ಲಿ ಇದನ್ನು ವ್ಯಾಪಾರದ ಅಧ್ಯಯನ ಪ್ರವಾಸ ಎಂದು ಕರೆದೆ. ವಿಶ್ವನಾಥ ಗಲ್ಲಿ ನಮ್ಮ ಕಸುಬಿನ ತೌರುಮನೆ. ಅಲ್ಲಿನವರು ಹೇಗೆ ಬದುಕಿದ್ದಾರೆ ನೋಡಿಕೊಂಡು ಬರಬೇಕು.

"ಮದುವೆ ದಿನ ಛತ್ರಿ ಹಿಡಿದು ಕಾಶಿಗೆ ಹೊರಟಾಗಲೇ ನಿಮ್ಮಪ್ಪ ತಡೀದೇ ಇದ್ದಿದ್ರೆ, ಇಷ್ಟೊತ್ತಿಗೆ ಅಲ್ಲೊಂದು ಅಂಗಡಿ ಇರ್ತಿತ್ತು" ಎಂದೆ.

"ತಡೀದೇ ಇದ್ದಿದ್ರೆ ಛತ್ರದ ಹಿಂಬಾಗಿಲಲ್ಲೇ ದಾರಿ ತಪ್ಪಿಸ್ಕೊಂಡಿರ್ತಿದ್ರಿ" ಎಂದಳು.

ಗೋದೌಲಿಯಾದಲ್ಲಿ ಇಳಿದು ದಶಾಶ್ವಮೇಧದ ಕಡೆ ನಡೆದರೆ ಎಡಕ್ಕೆ ಗಲ್ಲಿಯ ಬಾಯಿ. ಇಬ್ಬರು ಎದುರುಬದುರು ಬಂದರೆ ಒಬ್ಬರು ಅಂಗಡಿಯೊಳಗೆ ಕಾಲಿಡಲೇಬೇಕು, ಇಟ್ಟಮೇಲೆ ಏನಾದರೂ ಕೊಳ್ಳಲೇಬೇಕು. ಗಲ್ಲಿಯ ಅಗಲವೇ ಅಲ್ಲಿನ ಮೊದಲ ವ್ಯಾಪಾರ ತಂತ್ರ. ನೆತ್ತಿಯ ಮೇಲೆ ಡಮರು, ಗಂಟೆ, ರುದ್ರಾಕ್ಷಿ ಸರಗಳ ತೋರಣ. ಎರಡೂ ಕಡೆ ಸಿಂಧೂರದ ಗುಡ್ಡೆ, ಗಾಜಿನ ಬಳೆ, ಅರಗು ಬಳಿದ ಮರದ ಆಟಿಕೆ, ಹಿತ್ತಾಳೆಯ ದೀಪ, ಪೇಡೆಯ ರಾಶಿ. ಇವುಗಳ ನಡುವೆ ಹಸು. ಹಸುವಿಗೆ ಎಲ್ಲರೂ ದಾರಿ ಬಿಡುತ್ತಾರೆ, ಅದು ಮಾತ್ರ ಏನನ್ನೂ ಕೊಳ್ಳದೆ ಹೋಗುತ್ತದೆ.

ನಾನು ಹಿಂದಿ ವಾಕ್ಯವೊಂದನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗ ಅಡ್ಡಬಂದು, "ಬನ್ನಿ ಅಮ್ಮಾ, ಚಪ್ಪಲಿ ಇಲ್ಲಿ ಬಿಡಿ, ಮೊಬೈಲ್ ಇಲ್ಲಿ ಕೊಡಿ, ಲಾಕರ್ ಫ್ರೀ" ಎಂದ. ಅಮ್ಮ ಪಕ್ಕದ ಮನೆಗೆ ಬಂದವಳ ಹಾಗೆ ಕೂತೇಬಿಟ್ಟಳು. ಇದು ಹೊಸದೇನಲ್ಲ. ಅಲ್ಲಿಂದ ಕೂಗಳತೆಯಲ್ಲಿ ಜಂಗಮವಾಡಿ ಮಠವಿದೆ, ಶತಮಾನಗಳಿಂದ ಕನ್ನಡದವರು ಬಂದು ಇಳಿಯುವ ಜಾಗ. ಹುಡುಗ ನಮ್ಮ ಹಿಂದೆ ಬಂದವರನ್ನು ತೆಲುಗಿನಲ್ಲಿ, ಅವರ ಹಿಂದಿನವರನ್ನು ತಮಿಳಿನಲ್ಲಿ ಕರೆದ. ಸಂತೇಪೇಟೆಯಲ್ಲಿ ನಾನು ಕನ್ನಡದವರನ್ನೂ ಸರಿಯಾಗಿ ಕರೆಯುವುದಿಲ್ಲ ಎಂದು ನನ್ನವಳ ಹುಬ್ಬು ಹೇಳಿತು.

ಲಾಕರ್ ಎಂಬುದನ್ನು ಸ್ವಲ್ಪ ವಿವರಿಸಬೇಕು. ದೇವಸ್ಥಾನದೊಳಗೆ ಮೊಬೈಲ್ ಒಯ್ಯುವಂತಿಲ್ಲ. ನಮ್ಮಂಥವರಾಗಿದ್ದರೆ ಭದ್ರತೆಯ ಈ ನಿಯಮವನ್ನು ಬೈದುಕೊಂಡು ಕೂರುತ್ತಿದ್ದೆವು. ಗಲ್ಲಿಯವರು ಗೋಡೆ ತುಂಬ ಪುಟ್ಟ ಪುಟ್ಟ ಕಬ್ಬಿಣದ ಗೂಡು ಕೂರಿಸಿದರು. ಫೋನು, ಚಪ್ಪಲಿ, ಬೆಲ್ಟು ಇಡುವುದಕ್ಕೆ ಕಾಸಿಲ್ಲ, ಪೂಜೆಯ ಬುಟ್ಟಿ ಮಾತ್ರ ಅವರಲ್ಲೇ ಕೊಳ್ಳಬೇಕು. ನಿಮ್ಮ ಪ್ರಾಣವೇ ಅವರ ಗೂಡಿನಲ್ಲಿರುವಾಗ ಬುಟ್ಟಿಯ ಬೆಲೆ ಚೌಕಾಸಿ ಮಾಡುವ ಧೈರ್ಯ ಯಾರಿಗಿದೆ? ದರ್ಶನ ಮುಗಿಸಿ ಮತ್ತೆ ಅದೇ ಅಂಗಡಿಗೆ ಬರಲೇಬೇಕು. ಹೋದ ಗಿರಾಕಿ ಖಂಡಿತ ಹಿಂದಿರುಗುವ ವ್ಯಾಪಾರವನ್ನು ನಾನು ಕಂಡದ್ದು ಅದೇ ಮೊದಲು. ನಾನು ಫೋನನ್ನು ಗೂಡಿಗಿಟ್ಟು ಕೀಲಿ ಜನಿವಾರಕ್ಕೆ ಕಟ್ಟಿಕೊಂಡೆ, ಆಮೇಲೆ ಬುಟ್ಟಿಗೆ ದುಡ್ಡು ಕೊಡಲು ಜೇಬು ತಡವಿದೆ. ದುಡ್ಡೆಲ್ಲ ಫೋನಿನಲ್ಲಿತ್ತು. ನನ್ನವಳು ಆ ಕಡೆ ತಿರುಗಿ ಸೆರಗಿನ ಮರೆಯಿಂದ ಪರ್ಸ್ ತೆಗೆದಳು. ಕೂಗುವ ಡಬ್ಬಕ್ಕೂ ಗೊತ್ತಿಲ್ಲದ ನೋಟುಗಳು ಅದರಲ್ಲಿದ್ದವು.

ದರ್ಶನದ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಕೀಲಿ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುವುದರಲ್ಲೇ ನನ್ನ ಅರ್ಧ ಧ್ಯಾನ ಹೋಯಿತು. ಅಮ್ಮ ಅತ್ತಳು, ನನ್ನವಳೂ ಕಣ್ಣೊರೆಸಿಕೊಂಡಳು.

ಹಿಂತಿರುಗಿದಾಗ ಅಂಗಡಿಯ ಹಿರಿಯರು ಗದ್ದಿಗೆ ಬಂದಿದ್ದರು. ನನ್ನದೂ ಇದೇ ಕಸುಬು ಎಂದೆ. ಕುಲ್ಹಡದಲ್ಲಿ ಚಹಾ ತರಿಸಿದರು. ಅವರು ಹೇಳಿದ ಕತೆ ಕೇಳಿದಮೇಲೆ ನನ್ನ ಪಂಚಾಂಗದ ದುಃಖ ಹೇಳಲು ನಾಚಿಕೆಯಾಯಿತು. ಅಹಲ್ಯಾಬಾಯಿ ಹೋಳ್ಕರ್ 1780ರಲ್ಲಿ ಕಟ್ಟಿಸಿದ ಗುಡಿಯ ಸುತ್ತ ಹಬ್ಬಿಕೊಂಡಿದ್ದ ಮನೆ, ಅಂಗಡಿ, ಓಣಿಗಳ ಮೇಲೆ 2019ರ ಮಾರ್ಚ್ 8ಕ್ಕೆ, ಗುಡಿಯಿಂದ ಗಂಗೆಯವರೆಗಿನ ಕಾರಿಡಾರಿನ ಶಂಕುಸ್ಥಾಪನೆಯಾಯಿತು. ಮುನ್ನೂರಕ್ಕೂ ಹೆಚ್ಚು ಆಸ್ತಿಗಳನ್ನು ಕೊಂಡು ಕೆಡವಿದರು. ನಡುವೆ ಕರೋನಾ ಬಂದು ಗುಡಿಯ ಬಾಗಿಲೇ ಮುಚ್ಚಿತು. 2021ರ ಡಿಸೆಂಬರ್ 13ಕ್ಕೆ ಉದ್ಘಾಟನೆ. ಸುಮಾರು 3,000 ಚದರಡಿಯ ಆವರಣ 5 ಲಕ್ಷ ಚದರಡಿಯಾಯಿತು. ಭಕ್ತರು ಹೊಳೆಯಾಗಿ ಬಂದರು. ಆದರೆ ಈಗ ಗಂಗೆಯ ಕಡೆಯಿಂದ, ಲಲಿತಾ ಘಾಟ್ ಹತ್ತಿಯೂ ಗುಡಿಗೆ ಹೋಗಬಹುದು. ಗಲ್ಲಿ ತುಳಿಯದೆಯೇ ವಿಶ್ವನಾಥ ಸಿಗುತ್ತಾನೆ.

"ಹಿಂದೆ ಸಾವಿರ ಜನ ಬಂದರೆ ಸಾವಿರವೂ ನಮ್ಮ ಮುಂದೆಯೇ ಹೋಗಬೇಕಿತ್ತು. ಈಗ ಲಕ್ಷ ಬರುತ್ತಾರೆ, ಯಾವ ಬಾಗಿಲಿಂದ ಬರುತ್ತಾರೋ ಅವರ ಪುಣ್ಯ, ನಮ್ಮ ಪುಣ್ಯ" ಎಂದರು. 2025ರ ಕುಂಭಮೇಳದಲ್ಲಿ ಪ್ರಯಾಗದ ಜನವೆಲ್ಲ ಇತ್ತ ತಿರುಗಿದಾಗಲಂತೂ ಸಾಲು ನಿಲ್ಲದೆ ಸರಿಯುತ್ತಿತ್ತಂತೆ. "ಸಾಲಿನಲ್ಲಿರುವವನು ಗಿರಾಕಿಯಲ್ಲ ಬಾಬೂಜಿ. ಅವನ ಕಣ್ಣು ಮುಂದಿನವನ ಬೆನ್ನ ಮೇಲಿರುತ್ತದೆ. ನಿಂತವನು ಗಿರಾಕಿ." ಲಾಕರು, ಚಹಾ, ಕೂರಲು ಮಣೆ ಎಲ್ಲವೂ ಜನರನ್ನು ನಿಲ್ಲಿಸುವುದಕ್ಕೆ. ನನ್ನ ಅಂಗಡಿಯಲ್ಲಿ ಗಿರಾಕಿಗೆ ಕೂರಲು ಒಂದು ಸ್ಟೂಲ್ ಇದೆ, ಅದರ ಮೇಲೆ ನಾನು ಕೂತಿರುತ್ತೇನೆ.

ಲಾಕ್‌ಡೌನ್ ವರ್ಷ ಅಂಚೆ ಇಲಾಖೆ ದೇವಸ್ಥಾನದ ಜತೆ ಸೇರಿ, 251 ರೂಪಾಯಿ ಮನಿಆರ್ಡರ್ ಮಾಡಿದರೆ ಸ್ಪೀಡ್ ಪೋಸ್ಟಿನಲ್ಲಿ ಪ್ರಸಾದ ಕಳಿಸುವ ವ್ಯವಸ್ಥೆ ಮಾಡಿತು. ಇದು ನಮ್ಮ ಕತ್ತಿಗೇ ಬಂತು ಎಂದು ಅವರಿಗೆ ಮೊದಲು ಅನಿಸಿತಂತೆ. ಆಮೇಲೆ ಮೊಮ್ಮಗ, ದೇವರೇ ಅಂಚೆಯಲ್ಲಿ ಹೋಗುವಾಗ ನಮ್ಮ ರುದ್ರಾಕ್ಷಿ ಹೋಗಬಾರದೇಕೆ ಎಂದನಂತೆ. ಹಿರಿಯರು ಗದ್ದಿಯ ಕೆಳಗಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದರು. ಬಂದ ಯಾತ್ರಿಕರು ತಾವೇ ಬರೆದ ವಿಳಾಸ, ಫೋನ್ ನಂಬರು. ಒಂದು ಹಾಳೆಯಿಡೀ ಕನ್ನಡ. ತಿಪಟೂರು, ಶಿರಸಿ, ಗೋಕಾಕ. ಶಿವರಾತ್ರಿಗೆ, ಶ್ರಾವಣಕ್ಕೆ ಇವರಿಗೆಲ್ಲ ವಾಟ್ಸಾಪ್ ಹೋಗುತ್ತದೆ.

"ಶ್ರಾವಣದ ಸಂದೇಶ ಎರಡು ಸಲ" ಎಂದರು. "ಇಲ್ಲಿನವರಿಗೆ ಒಂದು. ನಿಮ್ಮ ಕಡೆಯವರಿಗೆ ಹದಿನೈದು ದಿನ ಬಿಟ್ಟು ಇನ್ನೊಂದು. ನಮ್ಮ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಿಮ್ಮದು ಅಮಾವಾಸ್ಯೆಗೆ. ಮೊದಲ ವರ್ಷ ಒಟ್ಟಿಗೇ ಕಳಿಸಿದೆವು, ನಿಮ್ಮವರಿಗೆ ಆಗಿನ್ನೂ ಆಷಾಢ. ಒಂದು ಮಾಲೆಯೂ ಹೋಗಲಿಲ್ಲ."

ಪಂಚಾಂಗ ಮಾರುವವನು ನಾನು. ಮೂರು ತಲೆಮಾರಿನಿಂದ ಮಾರುತ್ತಿದ್ದೇವೆ. ಅದನ್ನು ಬಿಡಿಸಿ ನೋಡಿ ವ್ಯಾಪಾರ ಮಾಡಬಹುದು ಎಂದು ಕಾಶಿಯ ಮುದುಕರೊಬ್ಬರು ಹೇಳಬೇಕಾಯಿತು.

ನನ್ನವಳು ಅಷ್ಟರಲ್ಲಿ ಅನ್ನಪೂರ್ಣೆಯ ಹಿತ್ತಾಳೆ ವಿಗ್ರಹ ಆರಿಸಿದ್ದಳು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅಕ್ಕಿಯಲ್ಲಿ ಕೂರಿಸಿ ಕೊಡುವುದು ನಮ್ಮಲ್ಲಿ ರೂಢಿ, ಅದೂ ಕಾಶಿಯದೇ ಆದರೆ ಶ್ರೇಷ್ಠ. ನಾನು ತಳ ತಿರುಗಿಸಿ ನೋಡಿದೆ. ಮೊರಾದಾಬಾದಿನ ಎರಕ. ಇದೇ ಅಚ್ಚಿನ ಅನ್ನಪೂರ್ಣೆ ನನ್ನ ಅಂಗಡಿಯ ಎರಡನೇ ಕಪಾಟಿನಲ್ಲಿ ಅರ್ಧ ಬೆಲೆಗಿದ್ದಾಳೆ ಎಂದು ಪಿಸುಗುಟ್ಟಿದೆ.

"ಅವಳು ಸಂತೇಪೇಟೆ ಅನ್ನಪೂರ್ಣೆ" ಎಂದಳು. "ಇವಳು ಅನ್ನಪೂರ್ಣೆ ಗುಡಿ ಪಕ್ಕದಲ್ಲಿದ್ದವಳು. ಕೆನಡಾದಿಂದ ವಾಪಸ್ ಬಂದವಳನ್ನೂ ಇಲ್ಲೇ ತಾನೆ ಕೂರಿಸಿರೋದು?" ನೂರು ವರ್ಷಕ್ಕೂ ಹಿಂದೆ ಕಳುವಾಗಿ ಕೆನಡಾದ ರೆಜೈನಾ ಸೇರಿದ್ದ ಅನ್ನಪೂರ್ಣೆಯ ಕಲ್ಲಿನ ವಿಗ್ರಹವನ್ನು 2021ರ ನವೆಂಬರಿನಲ್ಲಿ ವಿಶ್ವನಾಥನ ಸನ್ನಿಧಿಯಲ್ಲಿ ಪ್ರತಿಷ್ಠೆ ಮಾಡಿದ್ದು ನಿಜ. ಅದಕ್ಕೂ ಮೊರಾದಾಬಾದಿನ ಬೆಲೆಗೂ ಏನು ಸಂಬಂಧ ಎಂದು ಕೇಳುವಷ್ಟರಲ್ಲಿ ಅವಳು ಒಂದು ಕಟ್ಟು ಅಗರಬತ್ತಿಯನ್ನೂ ಬುಟ್ಟಿಗೆ ಹಾಕಿದ್ದಳು. ಕಟ್ಟಿನ ಮೇಲೆ ಮೈಸೂರು ಎಂದು ಬರೆದಿತ್ತು. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಿ ಮಾನ್ಯತೆಯೇ ಇದೆ, ಕಾಶಿಯವರು ತರಿಸಿ ಮಾರುವುದರಲ್ಲಿ ತಪ್ಪಿಲ್ಲ. ಅದನ್ನು ಮೈಸೂರಿನವಳು ಕಾಶಿಯಿಂದ ಹೊತ್ತು ತರುವುದರಲ್ಲಿ ಏನಿದೆಯೆಂದು ನನಗೆ ಇನ್ನೂ ಹೊಳೆದಿಲ್ಲ.

ಮುಂದಿನದು ಸೀರೆ ಅಂಗಡಿ. ಬಿಳಿ ಗಾದಿ, ಲೋಡು, ಮತ್ತೆ ಚಹಾ. ಬನಾರಸಿ ಸೀರೆಗೆ 2009ರಲ್ಲೇ ಭೌಗೋಳಿಕ ಸೂಚಿ ಸಿಕ್ಕಿದೆ, ಆದರೆ ಸೂರತ್ತಿನ ಯಂತ್ರದ ಮಗ್ಗಗಳಿಂದ ಬಂದ ನಕಲು ಅದೇ ಹೆಸರಿನಲ್ಲಿ ಕಾಶಿಯಲ್ಲೇ ಮಾರಾಟವಾಗುತ್ತದೆ. ಮೂಲೆಯಲ್ಲಿ ಉಂಗುರದ ದೀಪ ಹಚ್ಚಿಕೊಂಡು ಹುಡುಗನೊಬ್ಬ ಫೋನಿನ ಮುಂದೆ ಸೀರೆ ಹರಡುತ್ತಿದ್ದ. ವಿಡಿಯೋ ಕಾಲಿನ ಆ ತುದಿಯಲ್ಲಿ ದಾವಣಗೆರೆಯ ಹೆಂಗಸು. ಹುಡುಗನ ಕನ್ನಡ "ಅಕ್ಕಾ ಸೆರಗು ನೋಡಿ ಅಕ್ಕಾ" ಎಂಬಲ್ಲಿಗೆ ಮುಗಿಯುತ್ತಿತ್ತು. ಆಕೆ ಕೇಳುತ್ತಿದ್ದುದಕ್ಕೆಲ್ಲ ಅವನು ಅದನ್ನೇ ಹೇಳುತ್ತಿದ್ದ.

ನನ್ನವಳು ತಡೆಯಲಾರದೆ ಎದ್ದಳು. ಸೀರೆಯನ್ನು ಕಿತ್ತುಕೊಂಡು ಮಗ್ಗುಲು ತಿರುಗಿಸಿ ಫೋನಿಗೆ ಹಿಡಿದಳು. "ಹಿಂಬದಿ ನೋಡಿ. ಒಂದೊಂದು ಹೂವನ್ನೂ ಬೇರೆ ಬೇರೆ ನೇಯ್ದಿರೋದು, ಕಢುವಾ ಅಂತಾರೆ, ಅದಕ್ಕೇ ತೇಲೋ ದಾರ ಇಲ್ಲ. ಅಂಚಿನಲ್ಲಿ ಸಣ್ಣ ಸಣ್ಣ ತೂತು ಇದೆಯಲ್ಲ, ಕೈಮಗ್ಗದ ಮೊಳೆ ಗುರುತು. ಆ ನೇರಳೆದು ಬೇಡ, ಮಷೀನಿಂದು." ಅಂಗಡಿಯವನ ಮುಖ ಕಪ್ಪಿಟ್ಟಿತು. ದಾವಣಗೆರೆಯವಳು ನೇರಳೆ ಬಿಟ್ಟು ಅದರ ಮೂರು ಪಾಲು ಬೆಲೆಯ ಎರಡು ಸೀರೆ ತೆಗೆದುಕೊಂಡಳು. ಅಂಗಡಿಯವನ ಮುಖ ತಿಳಿಯಾಯಿತು. ನನ್ನವಳಿಗೆ ಕೊಟ್ಟ ರಿಯಾಯಿತಿ ನೋಡಿ ನಾನು ಸುಮ್ಮನೆ ಮತ್ತೊಂದು ಚಹಾ ಕುಡಿದೆ. ಇದೆಲ್ಲ ಎಲ್ಲಿ ಕಲಿತೆ ಎಂದು ಕೇಳಿದರೆ, ಮಧ್ಯಾಹ್ನ ನೀವು ನಿದ್ದೆ ಮಾಡುವಾಗ ಫೋನಿನಲ್ಲಿ ಎಂದಳು.

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಡಬೇಕು. ಅಮ್ಮ ಬದನೆಕಾಯಿ ಬಿಟ್ಟಳು. ನನ್ನವಳು ಆನ್‌ಲೈನ್ ಕರ್ಪೂರ ಬಿಡುವಳೇನೋ ಎಂದು ಕಾದೆ. ಸೀಬೆಹಣ್ಣು ಬಿಟ್ಟಳು. ನಾನು ಹಾಗಲಕಾಯಿ ಎಂದು ಸಂಕಲ್ಪಕ್ಕೆ ನೀರು ಹಿಡಿಯುತ್ತಿದ್ದಂತೆ ಅಮ್ಮ ಕೈ ತಡೆದಳು.

"ಹಾಗಲಕಾಯಿ ಯಾವತ್ತು ತಿಂದಿದೀಯ? ಇಷ್ಟ ಇರೋದನ್ನ ಬಿಡಬೇಕು. ನಿನಗೆ ಇಷ್ಟ ಅಂದ್ರೆ ಸಾಲ ಕೊಡೋದು. ಯಾರಾದ್ರೂ ಎರಡು ಸಲ 'ಯಜಮಾನ್ರೇ' ಅಂದ್ರೆ ಸಾಕು, ಮದುವೆ ಸಾಮಾನು ಪೂರ್ತಿ ಉದ್ರಿ ಬರೀತೀಯ. ಅದನ್ನ ಬಿಡು."

ಗಂಗೆಯ ಎದುರಿಗೆ ವಾದ ಮಾಡುವುದು ಹೇಗೆ?

ಊರಿಗೆ ಬಂದು ಗಂಗಾ ಸಮಾರಾಧನೆ ಮಾಡಿ, ಬಂದವರಿಗೆಲ್ಲ ಕಾಶಿದಾರ ಕೊಟ್ಟೆವು. ಕೊಡುವಾಗ ನನ್ನವಳು ಒಂದು ದಪ್ಪ ಪುಸ್ತಕ ಮುಂದಿಟ್ಟು ಹೆಸರು, ಫೋನ್ ನಂಬರು ಬರೆಸಿಕೊಂಡಳು. ಈಗ ವರಮಹಾಲಕ್ಷ್ಮಿಗೆ ಹತ್ತು ದಿನ ಮುಂಚೆ, ಗೌರಿಗೆ ಎರಡು ವಾರ ಮುಂಚೆ ಅವರಿಗೆಲ್ಲ ಅವಳ ಧ್ವನಿ ಹೋಗುತ್ತದೆ. ಬಾಗಿನಕ್ಕೆ ಏನೇನು ಬೇಕು, ಯಾವುದು ಮನೆಯಲ್ಲೇ ಇದ್ದೀತು, ಯಾವುದನ್ನು ಸುಮ್ಮನೆ ಕೊಳ್ಳಬೇಡಿ ಎಂದು ಹೇಳುತ್ತಾಳೆ. ಕೊಳ್ಳಬೇಡಿ ಎನ್ನುವುದನ್ನು ಕೇಳಿ ನನ್ನ ಎದೆ ಹೊಡೆದುಕೊಂಡಿತ್ತು, ಆದರೆ ಜನ ಉಳಿದದ್ದನ್ನೆಲ್ಲ ನಮ್ಮಲ್ಲೇ ಕೊಳ್ಳುತ್ತಿದ್ದಾರೆ. ಮೊದಲ ಸಲ ಗೃಹಪ್ರವೇಶ ಮಾಡುವ ಹುಡುಗ ಹುಡುಗಿಯರು ಪುರೋಹಿತರ ಚೀಟಿಯ ಫೋಟೋ ಕಳಿಸುತ್ತಾರೆ. ಅದರಲ್ಲಿರುವ 'ನವಗ್ರಹ ಧಾನ್ಯ' ಎಂದರೇನು ಎಂದು ಫೋನಿನೊಳಗಿನ ಅಂಗಡಿಯನ್ನು ಕೇಳಿದರೆ ಅದು ಒಂಬತ್ತು ಪೊಟ್ಟಣ ಕಳಿಸುತ್ತದೆ, ಯಾವುದು ಯಾವ ಗ್ರಹದ್ದೆಂದು ಹೇಳುವುದಿಲ್ಲ. ಇವಳು ಹೇಳುತ್ತಾಳೆ.

ಗಲ್ಲಾದ ಮೇಲೆ ಈಗ ಅವಳೇ ಕೂರುತ್ತಾಳೆ. ಸ್ಟೂಲು ಗಿರಾಕಿಗೆ. ಕುವೆಂಪುನಗರ, ವಿಜಯನಗರದ ಕಡೆಗೆ ಸ್ಕೂಟರಿನಲ್ಲಿ ಸಾಮಾನು ಮುಟ್ಟಿಸುವ ಕೆಲಸ ನನ್ನದು. ಮೊನ್ನೆ ಒಂದು ಮನೆಯವರು ನನಗೆ ಇಪ್ಪತ್ತು ರೂಪಾಯಿ ಟಿಪ್ಸ್ ಕೊಟ್ಟರು. ನಗದು. ಡಬ್ಬ ಕೂಗಲಿಲ್ಲ. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ.

ವಹಿವಾಟು 40 ಲಕ್ಷಕ್ಕೆ ಇನ್ನೂ ಬಹಳ ದೂರವಿದೆ. ಓದುಗರು ಸಂತೇಪೇಟೆ ಕಡೆ ಬಂದರೆ ದಯವಿಟ್ಟು ನಮ್ಮಲ್ಲಿಗೆ ಬನ್ನಿ, ಕೂತು ಚಹಾ ಕುಡಿಯಿರಿ, ನಿಮ್ಮ ಫೋನು, ಚೀಲ, ಛತ್ರಿ ಇಡಲು ಪುಟ್ಟ ಗೂಡುಗಳನ್ನೂ ಮಾಡಿಸಿದ್ದೇವೆ. ಸಾಲ ಮಾತ್ರ ಕೇಳಬೇಡಿ, ಅದನ್ನು ಕಾಶಿಯಲ್ಲಿ ಬಿಟ್ಟಿದ್ದೇನೆ. ಅಷ್ಟಕ್ಕೂ ಬೇಕೇಬೇಕೆಂದರೆ, ಅವಳು ಊಟಕ್ಕೆ ಮೇಲೆ ಹೋದಾಗ ಬಂದು ಎರಡು ಸಲ 'ಯಜಮಾನ್ರೇ' ಅನ್ನಿ, ನೋಡೋಣ.